ದೂರವಾಣಿಯಲ್ಲಿ ಬರುವ ಕಳ್ಳರು: ಮನೆಯ ಹಿರಿಯರನ್ನು ಕಾಯುವ ಬಗೆ

2025ರ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಎಂಬತ್ತರ ಆಸುಪಾಸಿನ ಕ್ರೈಸ್ತ ದಂಪತಿಗಳು ತಮ್ಮ ಮನೆಯಲ್ಲಿಯೇ ಪ್ರಾಣ ಕಳೆದುಕೊಂಡರು. ದೆಹಲಿಯ ದೂರಸಂಪರ್ಕ ಇಲಾಖೆಯವನೆಂದು ಹೇಳಿಕೊಂಡವನೊಬ್ಬ ಅವರಿಗೆ ಕರೆ ಮಾಡಿ, ಅವರ ಹೆಸರಿನಲ್ಲಿರುವ ಸಿಮ್ ಕಾರ್ಡ್ ಅಪರಾಧಕ್ಕೆ ಬಳಕೆಯಾಗಿದೆ ಎಂದು ಹೆದರಿಸಿದ್ದ. ಅವನ ಬೆನ್ನಿಗೆ ಇನ್ನೊಬ್ಬ ಅಪರಾಧ ವಿಭಾಗದ ಅಧಿಕಾರಿಯ ಸೋಗಿನಲ್ಲಿ ಮಾತಿಗಿಳಿದಿದ್ದ. ಒಂದರ ಮೇಲೊಂದು ಬೆದರಿಕೆ, ಒಂದರ ಮೇಲೊಂದು ಹಣದ ವರ್ಗಾವಣೆ. 50 ಲಕ್ಷ ರೂಪಾಯಿಗೂ ಮೀರಿದ ಹಣ ಹೋಯಿತು. ಚಿನ್ನ ಅಡವಿಟ್ಟರು, ಪರಿಚಿತರಲ್ಲಿ ಸಾಲ ಮಾಡಿದರು. ಅಷ್ಟಾದರೂ ಬೇಡಿಕೆ ನಿಲ್ಲಲಿಲ್ಲ. ಬರೆದಿಟ್ಟ ಪತ್ರ ದೊರೆತ ಬಳಿಕವೇ ಸುತ್ತಲಿನವರಿಗೆ ಸಂಗತಿ ತಿಳಿಯಿತು.

ಆ ಮನೆಯಲ್ಲಿ ಮಕ್ಕಳಿರಲಿಲ್ಲ. ಆದರೆ ನೆರೆಹೊರೆಯಿತ್ತು, ಬ್ಯಾಂಕಿತ್ತು, ಠಾಣೆಯಿತ್ತು. ಇವರಲ್ಲಿ ಯಾರೊಬ್ಬರಿಗಾದರೂ ಒಂದು ಮಾತು ಮೊದಲೇ ತಿಳಿದಿದ್ದರೆ ಎಂಬ ಹಳಹಳಿ ಈ ಸುದ್ದಿಯನ್ನು ಓದಿದ ಯಾರಿಗಾದರೂ ಆಗದಿರದು. ಆ ಒಂದು ಮಾತು ಹೊರಗೆ ಬಾರದಂತೆ ನೋಡಿಕೊಳ್ಳುವುದೇ ಈ ವಂಚಕರ ಕಸುಬಿನ ತಿರುಳು.

ರಾಯಚೂರಿನ ಓದುಗರಿಗೆ ಬೆಳಗಾವಿ ದೂರವೆನಿಸಬಹುದು. ದೂರವಾಣಿಗೆ ಆ ದೂರವಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದಿಂದಲೋ ಹಟ್ಟಿಯ ಚಿನ್ನದ ಗಣಿಯಿಂದಲೋ ನಿವೃತ್ತರಾಗಿ, ಬಂದ ಗಂಟನ್ನು ಠೇವಣಿ ಇಟ್ಟು ಬಡ್ಡಿಯಲ್ಲಿ ಬದುಕುತ್ತಿರುವ ಹಿರಿಯರು ನಮ್ಮ ನಡುವೆ ಇದ್ದಾರೆ. ನಿವೃತ್ತ ಶಿಕ್ಷಕರಿದ್ದಾರೆ, ಶುಶ್ರೂಷಕಿಯರಿದ್ದಾರೆ. ಮಾನ್ವಿಯ ಕಡೆ ಭತ್ತ, ಹತ್ತಿ ಮಾರಿದ ಹಣ ಒಮ್ಮೆಗೇ ಖಾತೆಗೆ ಬಂದು ಕೂರುವ ಮನೆಗಳಿವೆ. ದೇವದುರ್ಗದ ಕಡೆಯ ಪಾಡು ಬೇರೆ. ಅಲ್ಲಿ ದುಡಿಯುವ ವಯಸ್ಸಿನವರು ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುತ್ತಾರೆ. ಹಿಂದೆ ಉಳಿಯುವುದು ತಾತ, ಅವ್ವ, ಶಾಲೆಗೆ ಹೋಗುವ ಮೊಮ್ಮಕ್ಕಳು ಮತ್ತು ಒಂದು ಮೊಬೈಲು. ಮಗ ಕಟ್ಟಡದ ಕೆಲಸದಲ್ಲಿ ದುಡಿದದ್ದು ಆ ಮೊಬೈಲಿಗೇ ಬರುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ, ಸಂಧ್ಯಾ ಸುರಕ್ಷಾದ ವೇತನ ಬಂತೆಂಬ ಸಂದೇಶವೂ ಅದಕ್ಕೇ. ಮನೆಯ ಪೆಟ್ಟಿಗೆಯ ಬೀಗದ ಕೈ ಅಪರಿಚಿತನ ಕಿವಿಗೆ ಕೇಳುವಷ್ಟು ಹತ್ತಿರದಲ್ಲಿ ನೇತಾಡುತ್ತಿದೆ ಎಂದರೆ ತಪ್ಪಾಗದು.

ಎಸ್‌ಟಿಡಿ ಬೂತಿನ ಮುಂದೆ ಸರತಿಯಲ್ಲಿ ನಿಂತು, ರಾತ್ರಿ ದರ ಇಳಿದ ಮೇಲೆ ಮಗಳ ಧ್ವನಿ ಕೇಳಿ ಬಂದ ತಲೆಮಾರು ಇದು. ಆ ಕಾಲದಲ್ಲಿ ದೂರದಿಂದ ಕರೆ ಬಂತೆಂದರೆ ಅದರಲ್ಲಿ ಸುಳ್ಳಿರುತ್ತಿರಲಿಲ್ಲ. ಸುದ್ದಿ ಶುಭವೋ ಅಶುಭವೋ ಇರಬಹುದು, ಆದರೆ ನಿಜವಿರುತ್ತಿತ್ತು. ಫೋನಿನಲ್ಲಿ ಬಂದ ಮಾತಿಗೆ ಸರ್ಕಾರದ ಮುದ್ರೆಯಷ್ಟೇ ಬೆಲೆ ಕೊಡುವುದನ್ನು ಹಿರಿಯರು ಅಂದೇ ಕಲಿತದ್ದು. ಅದನ್ನು ಅವಿವೇಕವೆನ್ನಲಾಗದು.

ನಮ್ಮ ಭಾಗಕ್ಕೆ ಇನ್ನೊಂದು ವಿಶೇಷವೂ ಇದೆ. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಡಳಿತದ ಕಾಲದಲ್ಲಿ ಉರ್ದು ಓದಿದವರೂ, ಆ ಮಾತಿನ ರೂಢಿಯಲ್ಲಿ ಬೆಳೆದವರೂ ಇನ್ನೂ ಅಲ್ಲಲ್ಲಿ ಇದ್ದಾರೆ. ಅವರ ಮಕ್ಕಳಿಗೂ ಹಿಂದಿ ಬಲ್ಲ ಕಿವಿಯಿದೆ. ಮೈಸೂರಿನ ಕಡೆಯ ಅಜ್ಜಿಯೊಬ್ಬರು ಹಿಂದಿ ಕೇಳಿದೊಡನೆ 'ಗೊತ್ತಿಲ್ಲಪ್ಪಾ' ಎಂದು ಫೋನ್ ಇಟ್ಟುಬಿಡಬಹುದು. ನಮ್ಮವರು ಇಡುವುದಿಲ್ಲ, ಪೂರ್ತಿ ಕೇಳುತ್ತಾರೆ, ಉತ್ತರವನ್ನೂ ಕೊಡುತ್ತಾರೆ. ಭಾಷೆ ಬಲ್ಲದ್ದೇ ಇಲ್ಲಿ ಮುಳುವಾಗುತ್ತದೆ. ಜೊತೆಗೆ ದಫೇದಾರರಿಂದ ತಹಶೀಲ್ದಾರರವರೆಗೆ ಅಧಿಕಾರದ ದನಿಗೆ ತಲೆತಗ್ಗಿಸಿ ಬಂದ ಹಳೆಯ ಅಭ್ಯಾಸವೂ ಸೇರಿಕೊಳ್ಳುತ್ತದೆ.

ಇಲ್ಲದ ಬಂಧನ

ಖಾನಾಪುರದ ದಂಪತಿಗಳು ಸಿಲುಕಿದ ಈ ಬಗೆಯ ವಂಚನೆಗೆ ಜನ 'ಡಿಜಿಟಲ್ ಅರೆಸ್ಟ್' ಎಂದು ಹೆಸರಿಟ್ಟಿದ್ದಾರೆ. ಅದು ನಡೆಯುವ ರೀತಿಯನ್ನು ಮನೆಯವರು ಒಮ್ಮೆ ಸಾವಧಾನವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಮೊದಲಿಗೆ ಒಂದು ಸಾಧಾರಣ ಕರೆ: ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಅಥವಾ ನಿಮ್ಮ ಆಧಾರ್ ಬಳಸಿ ಮುಂಬೈಯಲ್ಲಿ ಖಾತೆ ತೆರೆದಿದ್ದಾರೆ. ಕೇಳಿದವರು ಗಾಬರಿಯಾದರೆ 'ಚಿಂತಿಸಬೇಡಿ, ಪೊಲೀಸರಿಗೆ ಸಂಪರ್ಕ ಕೊಡುತ್ತೇನೆ' ಎಂಬ ಸಾಂತ್ವನ. ಆಮೇಲೆ ವಾಟ್ಸಾಪಿನ ವಿಡಿಯೊ ಕರೆ. ಪರದೆಯಲ್ಲಿ ಸಮವಸ್ತ್ರ, ಹಿಂದೆ ಲಾಂಛನ, ಗೋಡೆಯ ಮೇಲೆ ರಾಷ್ಟ್ರನಾಯಕರ ಪಟ. ಸಿಬಿಐ, ಇ.ಡಿ., ರಿಸರ್ವ್ ಬ್ಯಾಂಕು ಎಂದು ಹೆಸರುಗಳು ಉದುರುತ್ತವೆ. ಸುಪ್ರೀಂ ಕೋರ್ಟಿನ ಮೊಹರಿರುವ ಆದೇಶಪತ್ರವೂ ಮೊಬೈಲಿಗೆ ಬಂದು ಬೀಳುತ್ತದೆ. ಕೊನೆಗೆ ಅಪ್ಪಣೆ: ಕ್ಯಾಮೆರಾ ಆರಿಸಕೂಡದು, ಕೋಣೆಯಿಂದ ಹೊರಗೆ ಹೋಗಕೂಡದು, ಯಾರಿಗೂ ಹೇಳಕೂಡದು. ಹೇಳಿದರೆ ಮಗನ ಕೆಲಸ ಹೋದೀತು, ಮಗಳ ಮದುವೆ ನಿಂತೀತು. ಖಾತೆಯಲ್ಲಿರುವ ಹಣವನ್ನು 'ಪರಿಶೀಲನೆಗಾಗಿ' ಅವರು ಹೇಳಿದ ಖಾತೆಗೆ ಕಳುಹಿಸಿದರೆ ಎರಡು ದಿನದಲ್ಲಿ ಹಿಂತಿರುಗುತ್ತದೆ ಎಂಬ ಭರವಸೆ.

ಈ ಬಂಧನಕ್ಕೆ ಬೇಡಿಯಿಲ್ಲ, ಕಾವಲಿಲ್ಲ. ಬಾಗಿಲು ತೆರೆದೇ ಇರುತ್ತದೆ. ಆದರೂ ಗಂಟೆಗಟ್ಟಲೆ, ದಿನಗಟ್ಟಲೆ ವಿದ್ಯಾವಂತರೂ ಅಲುಗದೆ ಕುಳಿತಿರುತ್ತಾರೆ. ವೈದ್ಯರು, ಪ್ರಾಧ್ಯಾಪಕರು, ನಿವೃತ್ತ ಅಧಿಕಾರಿಗಳು ಇದರಲ್ಲಿ ಸಿಲುಕಿದ್ದಾರೆ. 'ಓದಿದವರು ಹೇಗೆ ನಂಬಿದರು' ಎಂದು ನಗುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಮಾನವಂತರಿಗೆ ಮಾನ ಹೋಗುವ ಭಯ ಹೆಚ್ಚು. ಜೀವಮಾನದಲ್ಲಿ ಠಾಣೆಯ ಮೆಟ್ಟಿಲು ಹತ್ತದ ಹಿರಿಯರನ್ನು ಮಣಿಸಲು ಆ ಒಂದು ಮೆಟ್ಟಿಲನ್ನು ತೋರಿಸಿದರೆ ಸಾಕು.

ದೇಶದ ಲೆಕ್ಕ ಬೇಕೆನ್ನುವವರಿಗೆ ಒಂದೆರಡು ಅಂಕಿ. 2024ರ ಮೊದಲ ನಾಲ್ಕು ತಿಂಗಳಲ್ಲಿ ಈ ಸುಳ್ಳು ಬಂಧನವೊಂದರಲ್ಲೇ ಜನ ಕಳೆದುಕೊಂಡದ್ದು 120 ಕೋಟಿ ರೂಪಾಯಿಗೂ ಹೆಚ್ಚು. ಎಲ್ಲ ಬಗೆಯ ಸೈಬರ್ ವಂಚನೆಗಳೂ ಸೇರಿ ಆ ವರ್ಷ ಕಳೆದ ಹಣ 22,845 ಕೋಟಿ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಅದರ ಹಿಂದಿನ ವರ್ಷ ಅದು 7,465 ಕೋಟಿ ಇತ್ತು. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್' ಬಾನುಲಿ ಭಾಷಣದಲ್ಲಿ ಪ್ರಧಾನ ಮಂತ್ರಿಗಳು ಈ ವಿಷಯವನ್ನೇ ಎತ್ತಿಕೊಂಡು, ಇಂಥ ಕರೆಯೊಂದರ ಧ್ವನಿಮುದ್ರಿಕೆಯನ್ನು ಕೇಳಿಸಿದರು. ಆ ಕರೆಯನ್ನು ಹೆದರದೆ ಚಿತ್ರೀಕರಿಸಿಕೊಂಡವರು ನಮ್ಮ ವಿಜಯಪುರದವರು. 2025ರಲ್ಲಿ ಹರಿಯಾಣದ ಅಂಬಾಲೆಯ ವೃದ್ಧ ದಂಪತಿಗಳು ಒಂದು ಕೋಟಿಗೂ ಹೆಚ್ಚು ಹಣ ಕಳೆದುಕೊಂಡು ನೇರವಾಗಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ತನ್ನದೇ ಹೆಸರಿನ ನಕಲಿ ಆದೇಶಗಳನ್ನು ಕಂಡ ನ್ಯಾಯಾಲಯ ಅಕ್ಟೋಬರಿನಲ್ಲಿ ಪ್ರಕರಣವನ್ನು ತಾನಾಗಿ ಕೈಗೆತ್ತಿಕೊಂಡು, ಡಿಸೆಂಬರ್ 1ರಂದು ದೇಶದ ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿತು.

ಕಾನೂನು ಹೇಳುವುದೇನು

ಹೆದರಿದವರಿಗೆ ಬುದ್ಧಿಮಾತಿಗಿಂತ ಕಾನೂನಿನ ನಾಲ್ಕು ಸಾಲು ಹೆಚ್ಚು ಧೈರ್ಯ ಕೊಡುತ್ತದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಫೋನಿನಲ್ಲಿ ಬಂಧಿಸುವ ಅವಕಾಶ ಅದರಲ್ಲಿ ಎಲ್ಲಿಯೂ ಇಲ್ಲ. ಬಂಧಿಸುವ ಅಧಿಕಾರಿ ಎದುರಿಗೆ ಬರಬೇಕು, ತನ್ನ ಹೆಸರು ಸ್ಪಷ್ಟವಾಗಿ ಕಾಣುವಂತೆ ಇಟ್ಟುಕೊಳ್ಳಬೇಕು, ಬಂಧನದ ಟಿಪ್ಪಣಿ ಬರೆದು ಮನೆಯವರಿಂದಲೋ ಊರಿನ ಗಣ್ಯರಿಂದಲೋ ಸಾಕ್ಷಿಯ ಸಹಿ ಪಡೆಯಬೇಕು. ಬಂಧುಗಳಿಗೆ ತಿಳಿಸುವುದು ಪೊಲೀಸರ ಹೊಣೆ. 'ಯಾರಿಗೂ ಹೇಳಕೂಡದು' ಎನ್ನುವ ಪೊಲೀಸ್ ಅಧಿಕಾರಿ ಕಾನೂನಿಗೆ ನೇರ ವಿರುದ್ಧವಾದ ಮಾತನ್ನಾಡುತ್ತಿದ್ದಾನೆ ಎಂದರ್ಥ.

ಹಿರಿಯರಿಗೆ ಇದರಲ್ಲಿ ವಿಶೇಷ ರಕ್ಷಣೆಯೂ ಇದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾದರೆ, ಅರವತ್ತು ದಾಟಿದವರನ್ನಾಗಲಿ ಅಶಕ್ತರನ್ನಾಗಲಿ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಮುಂಚಿನ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ. ಸಾಕ್ಷಿ ಹೇಳಲು ಕರೆಯುವುದಾದರೂ ಅರವತ್ತು ದಾಟಿದವರನ್ನೂ ಮಹಿಳೆಯರನ್ನೂ ಅವರ ವಾಸಸ್ಥಳ ಬಿಟ್ಟು ಬೇರೆಡೆಗೆ ಬರಬೇಕೆಂದು ಒತ್ತಾಯಿಸುವಂತಿಲ್ಲ. ವಿಚಾರಣೆಗೆ ಹಾಜರಾಗಬೇಕೆಂಬ ಪೊಲೀಸ್ ನೋಟಿಸನ್ನು ವಾಟ್ಸಾಪಿನಲ್ಲಿ ಕಳುಹಿಸಿದರೆ ಅದು ಸಲ್ಲದೆಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಇಷ್ಟನ್ನು ಮನೆಯ ತಾತನಿಗೆ ಒಂದು ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಓದಿ ಹೇಳಲು ಕಾಲು ಗಂಟೆ ಸಾಕು.

ಚಿಕ್ಕ ಮೋಸಗಳು ಚಿಕ್ಕವಲ್ಲ

ಕೋಟಿ, ಲಕ್ಷಗಳ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ದೇವದುರ್ಗದ ಕೂಲಿಕಾರ ಕುಟುಂಬವೊಂದರ ಎಂಟು ಸಾವಿರ ಹೋದರೆ ಯಾವ ಪುಟಕ್ಕೂ ಬಾರದು. ಆ ಎಂಟು ಸಾವಿರ ಬೀಜ, ಗೊಬ್ಬರದ ಹಣವಾಗಿದ್ದರೆ ಆ ವರ್ಷದ ಬೆಳೆಯೇ ಹೋದಂತೆ. ಆದ್ದರಿಂದ ದಿನನಿತ್ಯದ ಕರೆಗಳನ್ನೂ ಗಮನಿಸಬೇಕು.

ಬ್ಯಾಂಕಿನ ಕೆವೈಸಿ ಮುಗಿದಿದೆ, ಖಾತೆ ನಿಂತುಹೋಗುತ್ತದೆ, ಈಗ ಬಂದ ಒಟಿಪಿ ಹೇಳಿ ಎಂಬುದು ಹಳೆಯ ಪಾಠ. ಅದು ಇನ್ನೂ ನಡೆಯುತ್ತಿದೆ. ಜೆಸ್ಕಾಂ ಹೆಸರಿನಲ್ಲಿ 'ಇಂದು ರಾತ್ರಿ ನಿಮ್ಮ ಮನೆಯ ವಿದ್ಯುತ್ ಕಡಿತವಾಗಲಿದೆ, ಈ ನಂಬರಿಗೆ ಕರೆ ಮಾಡಿ' ಎಂಬ ಸಂದೇಶ ಬಂದರೆ, ಗೃಹಜ್ಯೋತಿಯಿಂದ ಸೊನ್ನೆ ಬಿಲ್ಲು ಬರುವ ಮನೆಯವರೂ ಒಮ್ಮೆ ಬೆಚ್ಚುವುದುಂಟು! ಪಿ.ಎಂ. ಕಿಸಾನ್ ಕಂತಿನ ಹೆಸರಿನಲ್ಲಿ, ವಾಹನದ ದಂಡದ ಹೆಸರಿನಲ್ಲಿ, ಮದುವೆಯ ಕರೆಯೋಲೆಯ ಹೆಸರಿನಲ್ಲಿ ವಾಟ್ಸಾಪಿಗೆ ಒಂದು ಕಡತ ಬರುತ್ತದೆ. ಅದರ ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ಮುಟ್ಟಿ ಒಪ್ಪಿಗೆ ಕೊಟ್ಟರೆ ಮೊಬೈಲಿಗೆ ಕಳ್ಳ ಹೊಕ್ಕಂತೆ. ಬರುವ ಒಟಿಪಿಗಳನ್ನು ಅವನೇ ಓದಿಕೊಳ್ಳುತ್ತಾನೆ, ಯಾರೂ ಹೇಳಬೇಕಾಗಿಲ್ಲ. ಇನ್ನು ಕೆಲವರು 'ತಪ್ಪಿ ನಿಮ್ಮ ಖಾತೆಗೆ ಐದು ಸಾವಿರ ಹಾಕಿದ್ದೇನೆ, ಆಸ್ಪತ್ರೆಯ ಹಣ, ದಯವಿಟ್ಟು ವಾಪಸು ಹಾಕಿ' ಎಂದು ಅಳುತ್ತಾರೆ. ಬ್ಯಾಂಕಿನದೆಂದು ತೋರುವ ಸಂದೇಶವೊಂದು ಮೊದಲೇ ಬಂದಿರುತ್ತದೆ. ಅದು ಸಾಮಾನ್ಯ ಮೊಬೈಲ್ ನಂಬರಿನಿಂದ ಬಂದದ್ದೆಂಬುದನ್ನು ಕನ್ನಡಕವಿಲ್ಲದ ಕಣ್ಣು ಗಮನಿಸುವುದಿಲ್ಲ. ಖಾತೆಯ ಬಾಕಿಯನ್ನು ನೋಡಿದ ಹೊರತು ಒಂದು ರೂಪಾಯಿಯನ್ನೂ ಹಿಂದೆ ಕಳುಹಿಸಲಾಗದು. ನಮ್ಮವರ ಕನಿಕರಕ್ಕೇ ಬಲೆ ಒಡ್ಡುವ ಈ ಬಗೆಯ ಮೋಸ ಬರೆಯುವವನಿಗೆ ಎಲ್ಲಕ್ಕಿಂತ ಹೇಯವಾಗಿ ಕಾಣುತ್ತದೆ.

ಗುರುಗಳ ಭಾವಚಿತ್ರವನ್ನು ಹಾಕಿಕೊಂಡು, ಅವರ ಹೆಸರಿನಲ್ಲಿಯೇ ಹೊಸ ನಂಬರಿನಿಂದ 'ತುರ್ತಾಗಿ ಸ್ವಲ್ಪ ಹಣ ಬೇಕಾಗಿದೆ' ಎಂದು ಬೇಡುವುದೂ ಉಂಟು. ಅಮೆರಿಕದ ಧರ್ಮಪ್ರಾಂತ್ಯಗಳು ವರ್ಷಗಳಿಂದ ತಮ್ಮ ಜನರಿಗೆ ಈ ಬಗ್ಗೆ ಎಚ್ಚರಿಕೆ ನೀಡುತ್ತಾ ಬಂದಿವೆ. ಧರ್ಮಕೇಂದ್ರದ ಗುರುಗಳಿಗೆ ನಿಜವಾಗಿ ಹಣ ಬೇಕಿದ್ದರೆ ಬಲಿಪೂಜೆಯ ಪ್ರಕಟಣೆಯಲ್ಲಿಯೇ ಕೇಳುತ್ತಾರೆ. ಅದಕ್ಕೆ ಅವರಿಗೆ ಸಂಕೋಚವೇನೂ ಇದ್ದಂತಿಲ್ಲ.

ಈಚೆಗೆ ಯಂತ್ರದ ಸಹಾಯದಿಂದ ಪರಿಚಿತರ ಧ್ವನಿಯನ್ನೇ ಅನುಕರಿಸುವ ವಿದ್ಯೆಯೂ ಬಂದಿದೆ. ಮೊಮ್ಮಗನ ಧ್ವನಿಯಲ್ಲಿ 'ಅಪಘಾತವಾಗಿದೆ' ಎಂದು ಅಳುವ ಕರೆ ಬಂದರೆ ಯಾವ ಅಜ್ಜಿಯ ಕರುಳು ತಡೆದೀತು? ಇದಕ್ಕೆ ಮದ್ದು ಬಹಳ ಹಳೆಯದು. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆಯನ್ನು ಮೊದಲೇ ಗೊತ್ತು ಮಾಡಿಟ್ಟುಕೊಳ್ಳುವುದು. 'ನಮ್ಮ ಮನ್ಯಾಗಿದ್ದ ಬಿಳೇ ಎತ್ತಿನ ಹೆಸರೇನು?' ಎಂದು ಕೇಳಿದರೆ ದೆಹಲಿಯ ಕಳ್ಳನೂ ಉತ್ತರಿಸಲಾರ, ಅವನ ಯಂತ್ರವೂ ಉತ್ತರಿಸಲಾರದು.

ಮನೆಯೊಳಗಿನ ಕೆಲಸ

ವಂಚಕರ ಬಗ್ಗೆ ಇಷ್ಟು ಹೇಳಿದ ಮೇಲೆ ಮಕ್ಕಳ ಬಗ್ಗೆಯೂ ಒಂದು ಮಾತು ಹೇಳದೆ ವಿಧಿಯಿಲ್ಲ. ಹಿರಿಯರು ಮೋಸ ಹೋದದ್ದನ್ನು ಮುಚ್ಚಿಡುವುದು ವಂಚಕನ ಭಯದಿಂದ ಎಷ್ಟೋ, ಮಕ್ಕಳ ಬೈಗುಳದ ಭಯದಿಂದಲೂ ಅಷ್ಟೇ. 'ನಿನಗೆ ಮೊದಲೇ ಹೇಳಿದ್ದಿಲ್ಲೇನು', 'ಇನ್ನು ಫೋನ್ ಮುಟ್ಟಬ್ಯಾಡ' ಎಂಬ ಮಾತುಗಳನ್ನು ಒಮ್ಮೆ ಕೇಳಿದ ತಂದೆ ಎರಡನೆಯ ಸಲ ಬಾಯಿ ಬಿಡುವುದಿಲ್ಲ. ಮೊದಲ ಹತ್ತು ಸಾವಿರ ಹೋದಾಗ ಹೇಳಿದ್ದರೆ ಉಳಿಯಬಹುದಾಗಿದ್ದ ಮೂರು ಲಕ್ಷ ಆ ಮೌನದಲ್ಲಿ ಹೋಗುತ್ತದೆ. ಹಣದ ಮೇಲಿನ ಹಿಡಿತವನ್ನೆಲ್ಲ ಕಸಿದುಕೊಂಡು, ಅರವತ್ತು ವರ್ಷ ಸಂಸಾರ ನಡೆಸಿದವರನ್ನು ಚಿಲ್ಲರೆಗೂ ಕೈ ಚಾಚುವಂತೆ ಮಾಡುವುದು ರಕ್ಷಣೆಯಾಗದು. ಅದೂ ಒಂದು ಬಗೆಯ ಸೆರೆ.

ಬದಲಿಗೆ ಅವರೊಡನೆ ಕುಳಿತು ಹಣವನ್ನು ಎರಡು ಪಾಲು ಮಾಡಬಹುದು. ತಿಂಗಳ ಖರ್ಚಿನಷ್ಟು ಹಣ ಒಂದು ಖಾತೆಯಲ್ಲಿ. ಫೋನ್‌ಪೇ, ಗೂಗಲ್‌ಪೇ ಏನಿದ್ದರೂ ಅದಕ್ಕೆ. ಠೇವಣಿ, ನಿವೃತ್ತಿಯ ಗಂಟು, ಬೆಳೆ ಮಾರಿದ ಹಣ ಬೇರೊಂದು ಖಾತೆಯಲ್ಲಿ. ಅದಕ್ಕೆ ಮೊಬೈಲ್ ಬ್ಯಾಂಕಿಂಗೂ ಬೇಡ, ಎಟಿಎಂ ಕಾರ್ಡೂ ಬೇಡ. ಪಾಸ್‌ಬುಕ್ ಹಿಡಿದು ಶಾಖೆಗೇ ಹೋಗಬೇಕಾದ ಹಳೆಯ ಪದ್ಧತಿ ಹಿರಿಯರಿಗೂ ರೂಢಿ, ಕಳ್ಳನಿಗೂ ಎಟುಕದು. ದಿನಕ್ಕೆ ಇಷ್ಟೇ ಹಣ ಹೋಗಬೇಕೆಂಬ ಮಿತಿಯನ್ನು ಬ್ಯಾಂಕಿನಲ್ಲಿ ಕೇಳಿ ಇಳಿಸಿಕೊಳ್ಳಬಹುದು. ಮೊಬೈಲಿನಲ್ಲಿ ಅಪರಿಚಿತರ ವಾಟ್ಸಾಪ್ ಕರೆ ಸದ್ದು ಮಾಡದಂತೆ ಇಡುವ ಸೌಲಭ್ಯವಿದೆ. ಅದನ್ನು ಮೊಮ್ಮಕ್ಕಳು ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಬ್ಯಾಂಕುಗಳ ಸೇವಾ ಕರೆಗಳಿಗೆ 1600ರಿಂದ ಆರಂಭವಾಗುವ ನಂಬರುಗಳನ್ನು ನಿಗದಿ ಮಾಡಲಾಗಿದೆ ಎಂಬುದನ್ನೂ ಹೇಳಿಕೊಡಬೇಕು. ಆ ನಂಬರಿನಿಂದ ಬಂದರೂ ಒಟಿಪಿ ಹೇಳುವುದು ಬೇಡ.

ಆಧಾರ್ ಹೆಬ್ಬೆಟ್ಟಿನ ಮೇಲೆ ಹಣ ಪಡೆಯುವ ಹಳ್ಳಿಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. 'ಬೆರಳು ಬರಲಿಲ್ಲ, ಮತ್ತೊಮ್ಮೆ ಒತ್ತು ಅವ್ವಾ' ಎಂದು ಎರಡು ಮೂರು ಸಲ ಒತ್ತಿಸಿದರೆ ಪ್ರತಿ ಸಲದ ಚೀಟಿಯನ್ನೂ ಕೇಳಿ ಪಡೆಯಬೇಕು. ಹೀಗೆ ಹಣ ಪಡೆಯದವರು ತಮ್ಮ ಬೆರಳಚ್ಚನ್ನು ಆಧಾರ್ ವ್ಯವಸ್ಥೆಯಲ್ಲಿ ಬೀಗ ಹಾಕಿ ಇಡಬಹುದು. 1947ಕ್ಕೆ ಕರೆ ಮಾಡಿದರೆ ವಿವರ ದೊರೆಯುತ್ತದೆ. ಇದು ದೂರವಾಣಿಯ ಮೋಸವಲ್ಲವಾದರೂ ಹೋಗುವುದು ಅದೇ ಗಂಟಿನಿಂದ.

ಎಲ್ಲಕ್ಕಿಂತ ಮುಖ್ಯವಾದ ಏರ್ಪಾಡು ಒಂದು ಒಪ್ಪಂದ. ಯಾವ ಕರೆಯೇ ಬರಲಿ, ಹಣದ ಮಾತು ಬಂದೊಡನೆ 'ನನ್ನ ಮಗಳನ್ನು ಕೇಳಿ ಹೇಳುತ್ತೇನೆ' ಎಂದು ಇಟ್ಟುಬಿಡುವುದು. ಮಗಳು ಸಭೆಯಲ್ಲಿರಲಿ, ಕಾರ್ಖಾನೆಯ ಪಾಳಿಯಲ್ಲಿರಲಿ, ಆ ಕರೆಯನ್ನು ಎತ್ತಿಕೊಳ್ಳುವುದು. ಎತ್ತಿಕೊಳ್ಳಲಾಗದವರು ಪಕ್ಕದ ಮನೆಯವರನ್ನೋ ಸೋದರಳಿಯನನ್ನೋ ಗೊತ್ತು ಮಾಡಿರಬೇಕು. 'ಮಾಮಾ, ಯಾರ ಫೋನದು? ಇತ್ತ ಕೊಡ್ರಿ, ನಾ ಮಾತಾಡ್ತೀನಿ' ಎನ್ನುವ ಒಬ್ಬರು ಪಕ್ಕದಲ್ಲಿದ್ದರೆ ನಕಲಿ ಅಧಿಕಾರಿ ಅರ್ಧ ನಿಮಿಷ ನಿಲ್ಲಲಾರ.

ಬ್ಯಾಂಕಿನ ಸಿಬ್ಬಂದಿಯೂ ಇಂಥ ಒಬ್ಬರಾಗಬಲ್ಲರು. 2024ರ ನವೆಂಬರಿನಲ್ಲಿ ಹೈದರಾಬಾದಿನ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಹಿರಿಯ ಗ್ರಾಹಕರೊಬ್ಬರು ಠೇವಣಿ ಮುರಿಸಲು ಆತುರಪಡುತ್ತಿದ್ದುದನ್ನು ಕಂಡ ಸಿಬ್ಬಂದಿ ಅನುಮಾನಗೊಂಡು, ಮತ್ತೆ ಮತ್ತೆ ವಿಚಾರಿಸಿ, ಹಣ ಹೋಗದಂತೆ ತಡೆದರು. ನಮ್ಮ ಕುಟುಂಬಗಳಿಂದಲೂ ಬ್ಯಾಂಕು, ಅಂಚೆ ಕಚೇರಿಗಳಲ್ಲಿ ಕೆಲಸ ಮಾಡುವವರಿದ್ದಾರೆ. ಬಿಳಿಚಿಕೊಂಡ ಮುಖದ ಹಿರಿಯರು, ಕಿವಿಗೆ ಫೋನ್ ಅಂಟಿಸಿಕೊಂಡೇ ಕೌಂಟರಿಗೆ ಬಂದರೆ ಫಾರಂ ಕೊಡುವ ಮೊದಲು ಕುರ್ಚಿ ಕೊಟ್ಟು ಮಾತನಾಡಿಸಬೇಕು.

ಹಣ ಹೋದ ಮೇಲೆ

ಹೋದದ್ದು ತಿಳಿದೊಡನೆ ಮಾಡಬೇಕಾದ ಮೊದಲ ಕೆಲಸ 1930ಕ್ಕೆ ಕರೆ. ಅಳುವುದು, ಬೈಯುವುದು, ಬಂಧುಗಳಿಗೆ ತಿಳಿಸುವುದು ಆಮೇಲಾಗಲಿ. ಇದು ಕೇಂದ್ರ ಗೃಹ ಇಲಾಖೆಯ ವ್ಯವಸ್ಥೆಗೆ ಸೇರಿದ ರಾಷ್ಟ್ರೀಯ ಸಹಾಯವಾಣಿ. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಮೊದಲ ಖಾತೆಯಿಂದ ಐದಕ್ಕೆ, ಐದರಿಂದ ಇಪ್ಪತ್ತಕ್ಕೆ ಚದುರಿ ಕೊನೆಗೆ ಎಟಿಎಂಗಳಲ್ಲಿ ನೋಟಾಗಿಯೋ ವಿದೇಶದ ಡಿಜಿಟಲ್ ನಾಣ್ಯವಾಗಿಯೋ ಮಾಯವಾಗುತ್ತದೆ. 1930ಕ್ಕೆ ದೂರು ಹೋದೊಡನೆ ಹಣ ಎಲ್ಲಿದೆಯೋ ಆ ಬ್ಯಾಂಕಿಗೆ ಸೂಚನೆ ಹೋಗಿ, ಇನ್ನೂ ಉಳಿದಿರುವಷ್ಟನ್ನು ಅಲ್ಲಿಯೇ ತಡೆಹಿಡಿಯಲಾಗುತ್ತದೆ. ಮೊದಲ ಒಂದೆರಡು ಗಂಟೆಗೆ ಇರುವ ಬೆಲೆ ಮರುದಿನಕ್ಕಿಲ್ಲ. ಕರೆ ಮಾಡುವಾಗ ಖಾತೆಯ ನಂಬರು, ಹಣ ಹೋದ ಹೊತ್ತು, ಮೊಬೈಲಿಗೆ ಬಂದ ಸಂದೇಶದಲ್ಲಿರುವ ವ್ಯವಹಾರ ಸಂಖ್ಯೆ ಕೈಯಲ್ಲಿರಬೇಕು. ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು.

ರಾಯಚೂರಿನಲ್ಲಿ ಇಂಥ ಅಪರಾಧಗಳಿಗೆಂದೇ ಸಿಇಎನ್ ಪೊಲೀಸ್ ಠಾಣೆಯಿದೆ. ದೇವದುರ್ಗ, ಮಾನ್ವಿಯವರು ಬಸ್ಸು ಹಿಡಿದು ಅಲ್ಲಿಗೇ ಮೊದಲು ಹೋಗಬೇಕೆಂದೇನೂ ಇಲ್ಲ. ಅಪರಾಧ ಎಲ್ಲಿಯೇ ನಡೆದಿರಲಿ, ಹತ್ತಿರದ ಠಾಣೆಯಲ್ಲಿ ಮಾಹಿತಿ ನೀಡುವ ಹಕ್ಕನ್ನು ಹೊಸ ಸಂಹಿತೆ ಕೊಟ್ಟಿದೆ. ಬ್ಯಾಂಕಿಗೂ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋಗಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರು ನಷ್ಟ ಹೊರಬೇಕಿಲ್ಲ. ಒಟಿಪಿಯನ್ನು ತಾವೇ ಹೇಳಿದ್ದರೆ ದೂರು ಕೊಡುವವರೆಗಿನ ನಷ್ಟ ತಮ್ಮದೇ. ದೂರು ಕೊಟ್ಟ ಮೇಲೆ ಹೋದದ್ದು ಬ್ಯಾಂಕಿನದು. ಕೂಡಲೇ ಬಾಯಿ ಬಿಡುವುದರ ಲಾಭ ಇಲ್ಲಿಯೂ ಇದೆ.

'ಹೋದ ಹಣ ಹಿಂದಕ್ಕೆ ಕೊಡಿಸುತ್ತೇವೆ, ಶುಲ್ಕ ಕಟ್ಟಿ' ಎಂದು ಕೆಲ ದಿನಗಳ ಬಳಿಕ ಇನ್ನೊಂದು ಕರೆ ಬರಬಹುದು. ಅದೂ ಅದೇ ಗುಂಪಿನದು.

ಹಣಕ್ಕಿಂತ ಹೆಚ್ಚಾಗಿ ಆ ದಿನಗಳಲ್ಲಿ ನೋಡಿಕೊಳ್ಳಬೇಕಾದದ್ದು ಆ ಜೀವವನ್ನು. ಖಾನಾಪುರದ ಮನೆಯ ನೆನಪು ಇಲ್ಲಿ ಬರುತ್ತದೆ. ಊಟ ಬಿಟ್ಟು ಕುಳಿತವರನ್ನು, ಪೂಜೆಗೆ ಬರುವುದನ್ನು ನಿಲ್ಲಿಸಿದವರನ್ನು ಒಂಟಿಯಾಗಿ ಬಿಡಬಾರದು. ಟೆಲಿಮಾನಸ್ ಎಂಬ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567.

ನಮ್ಮ ಯುವಕರ ಹೆಸರಿನ ಖಾತೆಗಳು

ಕದ್ದ ಹಣ ಹರಿಯಲು ಖಾತೆಗಳು ಬೇಕು. ಆ ಖಾತೆಗಳು ಯಾರವು? ಹೆಚ್ಚಿನವು ಬಡ ವಿದ್ಯಾರ್ಥಿಗಳ, ನಿರುದ್ಯೋಗಿಗಳ, ಕೂಲಿಕಾರರ ಹೆಸರಿನವು. 'ನಿನ್ನ ಪಾಸ್‌ಬುಕ್, ಎಟಿಎಂ, ಸಿಮ್ ಕೊಡು, ಐದು ಸಾವಿರ ಕೊಡುತ್ತೇವೆ' ಎಂದು ಬರುವವನಿಗೆ ಖಾತೆ ಕೊಟ್ಟ ಹುಡುಗ, ಯಾವುದೋ ಊರಿನ ಅಜ್ಜನ ಠೇವಣಿ ತನ್ನ ಹೆಸರಿನಲ್ಲಿ ಹಾದುಹೋದದ್ದನ್ನು ಪೊಲೀಸರು ಬಾಗಿಲಿಗೆ ಬಂದಾಗಲೇ ತಿಳಿಯುತ್ತಾನೆ. ಆ ಬಂಧನ ಮಾತ್ರ ಸುಳ್ಳಲ್ಲ.

ಇನ್ನು ಕೆಲವರನ್ನು 'ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ' ಎಂದು ಒಯ್ದು ಮ್ಯಾನ್ಮಾರ್, ಕಾಂಬೋಡಿಯ, ಲಾವೋಸ್‌ಗಳ ಬೇಲಿಯೊಳಗೆ ಕೂಡಿಹಾಕಿ, ದಿನಕ್ಕೆ ಇಷ್ಟು ಜನರನ್ನು ವಂಚಿಸಬೇಕೆಂದು ಹಿಂಸಿಸುತ್ತಾರೆ. 2025ರ ಮಾರ್ಚಿನಲ್ಲಿ ಭಾರತೀಯ ವಾಯುಪಡೆಯ ವಿಮಾನಗಳು ಇಂಥ ಐನೂರಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡಿನ ಗಡಿಯಿಂದ ಮರಳಿ ಕರೆತಂದವು. ಅಜ್ಜಿಗೆ ಬೆದರಿಕೆ ಹಾಕುವ ಧ್ವನಿಯ ಹಿಂದೆಯೂ ಒಮ್ಮೊಮ್ಮೆ ಹೆದರಿದ ಹುಡುಗನೊಬ್ಬ ಇರುತ್ತಾನೆ ಎಂಬುದು ಕ್ಷಮೆಗೆ ಕಾರಣವಾಗಬಹುದು. ಹಣ ಕಳುಹಿಸಲು ಕಾರಣವಾಗದು. ವಿದೇಶದ ಕೆಲಸಕ್ಕೆ ಮಗನನ್ನು ಕಳುಹಿಸುವ ತಂದೆತಾಯಿಗಳು ಏಜೆಂಟನಿಗೆ ಸರ್ಕಾರದ ನೋಂದಣಿಯಿದೆಯೇ ಎಂದು ವಿಚಾರಿಸಿ ಮುಂದುವರಿಯಲಿ.

ಧರ್ಮಕೇಂದ್ರಗಳಲ್ಲಿ

ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವ ದಿನವನ್ನು ಸ್ಥಾಪಿಸಿದರು. ಯೇಸುವಿನ ಅಜ್ಜ-ಅಜ್ಜಿಯರಾದ ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬದ ಸಮೀಪ, ಜುಲೈ ತಿಂಗಳ ನಾಲ್ಕನೆಯ ಭಾನುವಾರ ಅದು ಬರುತ್ತದೆ. ಶಾಲು ಹೊದಿಸಿ ಹಣ್ಣು ಕೊಡುವ ಕಾರ್ಯಕ್ರಮದ ಜೊತೆಗೆ, ಆ ದಿನ ಸಿಇಎನ್ ಠಾಣೆಯ ಅಧಿಕಾರಿಯೊಬ್ಬರನ್ನು ಕರೆಸಿ ಅರ್ಧ ಗಂಟೆ ಮಾತನಾಡಿಸಿದರೆ ಹೆಚ್ಚಿನ ಉಪಯೋಗವಾದೀತು. ನಿಜವಾದ ಪೊಲೀಸರ ಮುಖ ನೋಡಿದವರಿಗೆ ಸುಳ್ಳು ಪೊಲೀಸರ ಭಯ ತಗ್ಗುತ್ತದೆ. ಒಂಟಿಯಾಗಿರುವ ಹಿರಿಯರ ಮನೆಗಳಿಗೆ ಪರಮಪ್ರಸಾದ ಒಯ್ಯುವವರು, ವಿನ್ಸೆಂಟ್ ಡಿ ಪಾಲ್ ಸಭೆಯವರು, ಧರ್ಮಭಗಿನಿಯರು ಹೋದಾಗ 'ಈಚೆಗೆ ಯಾರಾದರೂ ಫೋನ್ ಮಾಡಿ ಹೆದರಿಸಿದರೇನಮ್ಮಾ' ಎಂದು ಕೇಳುವುದನ್ನು ರೂಢಿಸಿಕೊಳ್ಳಬಹುದು. ಮಗನಿಗೆ ಹೇಳದ್ದನ್ನು ಸಿಸ್ಟರಿಗೆ ಹೇಳುವ ಅವ್ವಂದಿರು ಎಷ್ಟೋ ಜನ.

ನವೆಂಬರ್ ತಿಂಗಳು ಎರಡು ಕಾರಣಕ್ಕೆ ಗಮನಾರ್ಹ. ಕೇಂದ್ರ ಸರ್ಕಾರದ ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಸಲ್ಲಿಸುವ ತಿಂಗಳು ಅದು. ಎಂಬತ್ತು ದಾಟಿದವರಿಗೆ ಅಕ್ಟೋಬರಿನಿಂದಲೇ ಅವಕಾಶವಿದೆ. 'ಪ್ರಮಾಣಪತ್ರ ನಾವೇ ಮಾಡಿಕೊಡುತ್ತೇವೆ, ಒಟಿಪಿ ಹೇಳಿ' ಎನ್ನುವ ವಂಚಕರ ಸುಗ್ಗಿಯೂ ಆಗಲೇ. ಬ್ಯಾಂಕಿಗೆ ಹೋಗಲಾರದವರು ಅಂಚೆಯವರನ್ನು ಮನ�ೆಗೇ ಕರೆಸಿ, ಅಲ್ಪ ಶುಲ್ಕ ಕೊಟ್ಟು ಇದನ್ನು ಮಾಡಿಸಿಕೊಳ್ಳಬಹುದು. ಸಮಸ್ತ ಮೃತರ ಸ್ಮರಣೆಗಾಗಿ ನವೆಂಬರ್ 2ಕ್ಕೆ ಊರಿಗೆ ಬಂದು ಸಮಾಧಿಗಳಿಗೆ ಹೂವಿಡುವ ಮಕ್ಕಳೂ ಆ ವಾರ ಮನೆಯಲ್ಲಿರುತ್ತಾರೆ. ಬಸ್ಸು ಹತ್ತುವ ಮೊದಲು ತಾಯಿಯ ಮೊಬೈಲನ್ನು ಒಮ್ಮೆ ತೆರೆದು ನೋಡಿ, ಬೇಡದ ಆ್ಯಪುಗಳನ್ನು ತೆಗೆದು, ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ 1930 ಎಂದು ಬರೆದು, ಅದರ ಕೆಳಗೆ ತಮ್ಮ ನಂಬರನ್ನೂ ಪಕ್ಕದ ಮನೆಯವರ ನಂಬರನ್ನೂ ಬರೆದಿಟ್ಟು ಹೋಗಲಿ.